ಪಬ್ ಬಾಡಿಗೆದಾರರಿಗೆ ಅಂಟಿಸುವ ಯಂತ್ರಗಳ ಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಪಬ್ ಹಿಡಿಯಲು ಹೊರಟವರು ಬಾಡಿಗೆ ಎಷ್ಟು, ಬಿಯರ್ ದರ ಎಷ್ಟು ಎಂದು ಹತ್ತು ಸಲ ವಿಚಾರಿಸುತ್ತಾರೆ. ಮೂಲೆಯಲ್ಲಿ ಮಿಣುಗುವ ಜೂಜಿನ ಯಂತ್ರ ಯಾರದು, ನೆಲಮಾಳಿಗೆಯ ಕೊಳವೆಗೆ ಕೂರಿಸಿದ ಮೀಟರ್ ಯಾರದು, ಅದರ ಲೆಕ್ಕ ಯಾರ ಕೈಗೆ ಹೋಗುತ್ತದೆ ಎಂದು ವಿಚಾರಿಸುವವರು ಕಡಿಮೆ. ಸಹಿ ಹಾಕಿ ವರ್ಷ ಕಳೆದ ಮೇಲೆ ಹುಟ್ಟುವ ಜಗಳಗಳಲ್ಲಿ ಈ ಎರಡನೆಯ ಬಗೆಯವೂ ಸಾಕಷ್ಟಿವೆ. ಬ್ರಿಟನ್‌ನಲ್ಲಿ ನೆಲೆಸಿ ಈ ವ್ಯಾಪಾರಕ್ಕೆ ಕೈ ಹಾಕಲು ಯೋಚಿಸುತ್ತಿರುವ ಕನ್ನಡಿಗರಿಗೂ, ಇಲ್ಲಿಂದಲೇ ಕುತೂಹಲದಿಂದ ನೋಡುವವರಿಗೂ ಈ ಉತ್ತರಗಳು. ಇವು ವಕೀಲರ ಸಲಹೆಗೆ ಬದಲಿಯಲ್ಲ.

ಪಬ್ ಕಂಪನಿ ಎಂದರೇನು? ಬಾಡಿಗೆದಾರ ಅದಕ್ಕೆ ಏಕೆ ಕಟ್ಟುಬೀಳುತ್ತಾನೆ?

ಕಟ್ಟಡದ ಮಾಲೀಕತ್ವ ಕಂಪನಿಯದು. ಪಬ್ ನಡೆಸುವವನು ಬಾಡಿಗೆದಾರ. ಲಾಭ ನಷ್ಟ, ಕೆಲಸಗಾರರ ಸಂಬಳ, ವಿದ್ಯುತ್ ಬಿಲ್ಲು ಎಲ್ಲವೂ ಅವನ ತಲೆಯ ಮೇಲೆ. ಮಾರುಕಟ್ಟೆ ದರಕ್ಕಿಂತ ಕಡಿಮೆ ಬಾಡಿಗೆಗೆ ಕಟ್ಟಡ ಕೊಡುತ್ತೇವೆ ಎನ್ನುವ ಕಂಪನಿ, ಅದಕ್ಕೆ ಪ್ರತಿಯಾಗಿ ಬಿಯರನ್ನು ತನ್ನಿಂದಲೇ ಅಥವಾ ತಾನು ಹೇಳಿದವರಿಂದಲೇ ಕೊಳ್ಳಬೇಕು ಎಂಬ ಷರತ್ತು ಹಾಕುತ್ತದೆ. ಅಲ್ಲಿನವರು ಇದನ್ನು 'ಟೈ' ಎನ್ನುತ್ತಾರೆ. ಟೈ ಇರುವ ಬಾಡಿಗೆದಾರ ಹೊರಗಿನ ಸಗಟು ವ್ಯಾಪಾರಿಗಿಂತ ಹೆಚ್ಚಿನ ದರ ಕೊಟ್ಟು ಬಿಯರ್ ತರಿಸುತ್ತಾನೆ. ಆ ಹೆಚ್ಚುವರಿಯೂ ಬಾಡಿಗೆಯೇ, ಬೇರೆ ಹೆಸರಿನಲ್ಲಿ.

ಮೊದಲು ಪಬ್‌ಗಳು ಬಿಯರ್ ತಯಾರಕರ ಕೈಯಲ್ಲಿದ್ದವು. 1989ರಲ್ಲಿ ಏಕಸ್ವಾಮ್ಯ ಆಯೋಗ ಬಿಯರ್ ಮಾರುಕಟ್ಟೆಯ ಬಗ್ಗೆ ವರದಿ ಕೊಟ್ಟಿತು. ಅದೇ ವರ್ಷ ಬಂದ 'ಬಿಯರ್ ಆರ್ಡರ್ಸ್' ಎಂಬ ಸರ್ಕಾರಿ ಆದೇಶ, 2,000ಕ್ಕಿಂತ ಹೆಚ್ಚು ಪಬ್ ಇಟ್ಟುಕೊಂಡ ತಯಾರಕರು ಆ ಮಿತಿಗಿಂತ ಮೇಲಿರುವವುಗಳಲ್ಲಿ ಅರ್ಧವನ್ನು ಮಾರಬೇಕು ಅಥವಾ ಟೈನಿಂದ ಬಿಡಿಸಬೇಕು ಎಂದಿತು. ತಯಾರಕರು ಮಾರಿದರು. ಕೊಂಡವರು ಬಿಯರ್ ಕಾಯಿಸದ, ಕಟ್ಟಡಗಳನ್ನಷ್ಟೇ ಇಟ್ಟುಕೊಂಡ ಹೊಸ ಕಂಪನಿಗಳು. ತಯಾರಕರ ಹಿಡಿತ ಸಡಿಲಿಸಲು ಹೊರಟ ಕಾನೂನು ಜಮೀನ್ದಾರರ ಹೊಸದೊಂದು ವರ್ಗವನ್ನೇ ಹುಟ್ಟಿಸಿತು. ಸ್ವಂತ ಬಿಯರ್ ಇಲ್ಲದ ಈ ಕಂಪನಿಗಳ ಕಣ್ಣು ಆದಾಯದ ಬೇರೆ ದಾರಿಗಳ ಮೇಲೆ ಬಿದ್ದದ್ದು ಸಹಜ.

ಯಾವ ಯಾವ ಸಾಧನಗಳ ಬಗ್ಗೆ ಮಾತಾಡುತ್ತಿದ್ದೇವೆ?

ಮುಖ್ಯವಾಗಿ ಮೂರು. ಫ್ರೂಟ್ ಮಷಿನ್ ಎಂದು ಎಲ್ಲರೂ ಕರೆಯುವ ಜೂಜಿನ ಯಂತ್ರ. ಬಿಯರ್ ಕೊಳವೆಗಳಲ್ಲಿ ಹರಿವನ್ನು ಅಳೆಯುವ ಮೀಟರ್. ಬಿಯರನ್ನು ತಂಪು ಮಾಡಿ ನಲ್ಲಿಗೆ ತರುವ ಉಪಕರಣ. ಇವಲ್ಲದೆ ಪೂಲ್ ಮೇಜು, ಸಂಗೀತದ ಯಂತ್ರ, ಲೋಟ ತೊಳೆಯುವ ಯಂತ್ರ, ಐಸ್ ಯಂತ್ರ, ಬಿಲ್ಲಿಂಗ್ ಯಂತ್ರ. ದುಡ್ಡು ಹೆಚ್ಚು ಓಡಾಡುವುದು ಮೊದಲನೆಯದರಲ್ಲಿ, ಮನಸ್ಸು ಹೆಚ್ಚು ಕೆಡುವುದು ಎರಡನೆಯದರಲ್ಲಿ.

ಫ್ರೂಟ್ ಮಷಿನ್ ವ್ಯವಹಾರ ಹೇಗೆ ನಡೆಯುತ್ತದೆ?

ಕಂಪನಿಯ ಬಳಿ ಒಪ್ಪಿಗೆ ಪಡೆದ ಸರಬರಾಜುದಾರರ ಪಟ್ಟಿ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಬಾಡಿಗೆದಾರ ಆ ಪಟ್ಟಿಯವರಿಂದಲೇ ಯಂತ್ರ ತರಿಸಬೇಕು. ಸರಬರಾಜುದಾರನಿಗೆ ವಾರದ ಬಾಡಿಗೆ ಕೊಡಬೇಕು. ತೆರಿಗೆ ಮತ್ತು ಆ ಬಾಡಿಗೆ ಕಳೆದು ಉಳಿದದ್ದನ್ನು ಕಂಪನಿಯೊಂದಿಗೆ, ಸಾಮಾನ್ಯವಾಗಿ ಸರಿಪಾಲು, ಹಂಚಿಕೊಳ್ಳಬೇಕು. ಯಂತ್ರ ಕಂಪನಿಯದಲ್ಲ, ಅದನ್ನು ಇಟ್ಟ ಜಾಗಕ್ಕೆ ಬಾಡಿಗೆ ಆಗಲೇ ಸಂದಾಯವಾಗಿದೆ, ಅದಕ್ಕೆ ಉರಿಯುವ ವಿದ್ಯುತ್ ಬಾಡಿಗೆದಾರನದು, ಗಿರಾಕಿಗಳು ಜಗಳವಾಡಿದರೆ ಬಿಡಿಸಬೇಕಾದವನೂ ಅವನೇ. ಆದರೂ ಅರ್ಧ ಪಾಲು ಮೇಲಕ್ಕೆ ಹೋಗುತ್ತದೆ.

ಯಂತ್ರಗಳ ನಿಯಮವನ್ನೂ ಚುಟುಕಾಗಿ ತಿಳಿದಿರಿ. 2005ರ ಗ್ಯಾಂಬ್ಲಿಂಗ್ ಕಾಯ್ದೆಯಡಿ ಮದ್ಯದ ಪರವಾನಗಿ ಇರುವ ಪಬ್‌ಗೆ 'ಸಿ' ಅಥವಾ 'ಡಿ' ವರ್ಗದ 2 ಯಂತ್ರ ಇಡುವ ಹಕ್ಕು ತಾನಾಗಿಯೇ ಬರುತ್ತದೆ. ಸ್ಥಳೀಯ ಪ್ರಾಧಿಕಾರಕ್ಕೆ ತಿಳಿಸಿ 50 ಪೌಂಡ್ ಶುಲ್ಕ ಕಟ್ಟಿದರಾಯಿತು. ಎರಡಕ್ಕಿಂತ ಹೆಚ್ಚು ಬೇಕಾದರೆ ಬೇರೆ ಪರವಾನಗಿ. ಪಬ್‌ಗಳಲ್ಲಿ ಕಾಣುವ 'ಸಿ' ವರ್ಗದ ಯಂತ್ರದಲ್ಲಿ ಒಂದು ಆಟಕ್ಕೆ ಹೆಚ್ಚೆಂದರೆ 1 ಪೌಂಡ್ ಪಣ, ಹೆಚ್ಚೆಂದರೆ 100 ಪೌಂಡ್ ಬಹುಮಾನ.

ಅಂಕಿ ಹಾಕಿ ತೋರಿಸಿ. ನಿಜವಾಗಿ ಎಷ್ಟು ಕೈಬಿಡುತ್ತದೆ?

ಇವು ವಿವರಣೆಗಾಗಿ ಹಾಕಿಕೊಂಡ ಅಂಕಿಗಳು; ಯಾವ ಪಬ್‌ನ ಲೆಕ್ಕವೂ ಅಲ್ಲ. ಬಹುಮಾನ ಕೊಟ್ಟು ಉಳಿದ ವಾರದ ಗಳಿಕೆ 300 ಪೌಂಡ್ ಎಂದಿಟ್ಟುಕೊಳ್ಳಿ. ಯಂತ್ರ ಜೂಜಿನ ಸುಂಕ ಶೇ. 20, ಅಂದರೆ 60 ಪೌಂಡ್. ಸರಬರಾಜುದಾರನ ಬಾಡಿಗೆ 60 ಪೌಂಡ್ ಎನ್ನೋಣ. ಉಳಿದದ್ದು 180. ಅರ್ಧ ಕಂಪನಿಗೆ, ಅರ್ಧ ನಿಮಗೆ. ವರ್ಷಕ್ಕೆ ನಿಮ್ಮ ಪಾಲು 4,680 ಪೌಂಡ್.

ಲೆಕ್ಕ ಇಲ್ಲಿಗೆ ನಿಂತರೆ ಹೇಗೋ ಸಹಿಸಬಹುದು. ನಿಲ್ಲುವುದಿಲ್ಲ. ಟೈ ಇರುವ ಪಬ್‌ನ ಬಾಡಿಗೆಯನ್ನು ಗೊತ್ತುಮಾಡುವುದು ವ್ಯಾಪಾರದ ಅಂದಾಜಿನ ಮೇಲೆ: ಸಮರ್ಥನಾದ ಒಬ್ಬ ಬಾಡಿಗೆದಾರ ಈ ಪಬ್‌ನಲ್ಲಿ ಎಷ್ಟು ವ್ಯಾಪಾರ ಮಾಡಬಲ್ಲ ಎಂದು ಊಹಿಸಿ, ಖರ್ಚು ಕಳೆದು, ಉಳಿದ ಮೊತ್ತವನ್ನು ಇಬ್ಬರಿಗೂ ಹಂಚುತ್ತಾರೆ. ನಿಮ್ಮ ಪಾಲಿಗೆ ಬಂದ ಆ 4,680 ಪೌಂಡನ್ನೂ ಈ ಅಂದಾಜಿನೊಳಗೆ ಸೇರಿಸಿ ಅರ್ಧವನ್ನು ಬಾಡಿಗೆಯೆಂದು ತೆಗೆದುಕೊಂಡರೆ, ನಿಮಗೆ ಉಳಿಯುವುದು 2,340. ಅಂದರೆ ಯಂತ್ರದಿಂದ ನಿವ್ವಳ ಬಂದ 9,360 ಪೌಂಡಿನಲ್ಲಿ ಕಾಲು ಭಾಗ.

ಟೈ ಇಲ್ಲದಿದ್ದರೆ ಇಡೀ 9,360 ನಿಮ್ಮದಾಗುತ್ತದೆ ಎಂದು ಹೇಳಿ ನಿಮ್ಮನ್ನು ಉಬ್ಬಿಸುವುದಿಲ್ಲ. ಆಗಲೂ ಭೂಮಾಲೀಕ ಆ ಗಳಿಕೆಯನ್ನು ಬಾಡಿಗೆಯ ಅಂದಾಜಿಗೆ ಸೇರಿಸಿಕೊಳ್ಳಬಹುದು. ಸೇರಿಸಿ ಅರ್ಧ ತೆಗೆದರೂ 4,680 ಉಳಿಯುತ್ತದೆ, ಮೊದಲಿನ ಎರಡರಷ್ಟು. ಒಂದೇ ಗಳಿಕೆಯ ಮೇಲೆ ಎರಡು ಸಲ ಕೈ ಹಾಕುವುದು ಅನ್ಯಾಯ ಎನ್ನುವುದು ಇದಕ್ಕೇ. ಆದ್ದರಿಂದ ಬಾಡಿಗೆಯ ಪ್ರಸ್ತಾಪ ಬಂದಾಗ ಯಂತ್ರದ ಗಳಿಕೆಯನ್ನು ಯಾವ ಸಾಲಿನಲ್ಲಿ, ಎಷ್ಟೆಂದು ಹಿಡಿದಿದ್ದಾರೆ ನೋಡಿ. ಕಾಣದಿದ್ದರೆ ಬರವಣಿಗೆಯಲ್ಲಿ ಕೇಳಿ.

ಕಂಪನಿಗಳ ವಾದವೇನು? ಅದರಲ್ಲಿ ಹುರುಳೇ ಇಲ್ಲವೇ?

ಸ್ವಲ್ಪ ಇದೆ. ನೂರಾರು ಪಬ್‌ಗಳ ಪರವಾಗಿ ಚೌಕಾಸಿ ಮಾಡುವುದರಿಂದ ಯಂತ್ರದ ಬಾಡಿಗೆ ಇಳಿಯುತ್ತದೆ, ಗಳಿಕೆ ಇಳಿದರೆ ಹಳೆಯ ಯಂತ್ರ ಹೋಗಿ ಹೊಸದು ಬರುತ್ತದೆ, ಕೆಟ್ಟರೆ ರಿಪೇರಿ ಬೇಗ ಆಗುತ್ತದೆ, ನಾಣ್ಯ ಎಣಿಸುವವರ ಮೋಸದಿಂದ ರಕ್ಷಣೆ ಸಿಗುತ್ತದೆ ಎನ್ನುತ್ತಾರೆ. ಹೊಸಬನಿಗೆ, ಯಾವ ಯಂತ್ರ ಯಾವ ಬಡಾವಣೆಯಲ್ಲಿ ಓಡುತ್ತದೆ ಎಂಬುದು ಗೊತ್ತಿಲ್ಲದವನಿಗೆ, ಇದು ನಿಜಕ್ಕೂ ಉಪಕಾರವೇ. ಇಂಥ ಅನುಕೂಲಗಳನ್ನೆಲ್ಲ ಒಟ್ಟುಮಾಡಿ 'ವಿಶೇಷ ವಾಣಿಜ್ಯ ಅಥವಾ ಹಣಕಾಸಿನ ಅನುಕೂಲ' ಎಂದು ಕಂಪನಿಗಳು ಹೆಸರಿಟ್ಟಿವೆ. ಉದ್ಯಮದವರ ಬಾಯಲ್ಲಿ 'ಸ್ಕಾರ್ಫಾ'.

ಪ್ರಶ್ನೆ ಬೆಲೆಯದು. ಅಷ್ಟು ಉಪಕಾರಕ್ಕೆ ಗಳಿಕೆಯ ಅರ್ಧ ದುಬಾರಿ ಎಂದು ಹೇಳಿದವರು ಬಾಡಿಗೆದಾರರಷ್ಟೇ ಅಲ್ಲ. 2004ರಲ್ಲಿ ಹೌಸ್ ಆಫ್ ಕಾಮನ್ಸ್‌ನ ವ್ಯಾಪಾರ ಮತ್ತು ಕೈಗಾರಿಕಾ ಸಮಿತಿ ಪಬ್ ಕಂಪನಿಗಳ ಬಗ್ಗೆ ವಿಚಾರಣೆ ನಡೆಸಿ, ಬಾಡಿಗೆದಾರರು ಬಿಟ್ಟುಕೊಡುವ ಆದಾಯವನ್ನು ಮೀರಿಸುವಷ್ಟು ಲಾಭ ಈ ಏರ್ಪಾಡಿನಲ್ಲಿದೆ ಎಂಬುದು ತನಗೆ ಮನವರಿಕೆಯಾಗಿಲ್ಲ ಎಂದು ಬರೆಯಿತು. ಯಂತ್ರದ ಟೈಯನ್ನು ತೆಗೆದುಹಾಕಬೇಕು ಎಂದು ಶಿಫಾರಸು ಮಾಡಿತು. ಬಿಯರ್ ಟೈಯನ್ನು ತೆಗೆಯಲು ಅದೇ ಸಮಿತಿ ಹೇಳಲಿಲ್ಲ ಎಂಬುದನ್ನು ಗಮನಿಸಿ. ಬಿಯರ್ ಟೈ ಸಹಿಸಿದವರಿಗೂ ಯಂತ್ರದ ಟೈ ಸಹ್ಯವಾಗಿರಲಿಲ್ಲ.

ಹಾಗಾದರೆ ತಕ್ಷಣ ತೆಗೆದುಹಾಕಿದರೇ?

ಇಲ್ಲ. ಸ್ವಯಂ ನಿಯಂತ್ರಣ ಸಾಕು ಎಂದು ಒಂದಾದ ಮೇಲೊಂದು ಸರ್ಕಾರ ಹೇಳುತ್ತಾ ಬಂತು. 2009, 2010, 2011 ಹೀಗೆ ಸಂಸದೀಯ ಸಮಿತಿಗಳು ಮತ್ತೆ ಮತ್ತೆ ಇದೇ ವಿಷಯಕ್ಕೆ ಮರಳಿದವು. ಕೊನೆಗೆ 2014ರ ನವೆಂಬರ್ 18ರಂದು, ಟೈ ಬಿಟ್ಟು ಬಾಡಿಗೆ ಮಾತ್ರ ಕೊಡುವ ಆಯ್ಕೆ ಬಾಡಿಗೆದಾರರಿಗೆ ಇರಬೇಕು ಎಂದು ಸಂಸದ ಗ್ರೆಗ್ ಮಲ್‌ಹಾಲೆಂಡ್ ತಂದ ತಿದ್ದುಪಡಿ 284–269 ಮತಗಳಿಂದ ಗೆದ್ದಿತು. ಆಳುವ ಮೈತ್ರಿಕೂಟಕ್ಕೆ ತನ್ನದೇ ಮಸೂದೆಯ ಮೇಲೆ ಸೋಲು. ಪಬ್‌ಗಳಿಗೆಂದೇ ಒಂದು ಭಾಗವಿದ್ದ ಆ ಮಸೂದೆ 2015ರ ಸಣ್ಣ ಉದ್ಯಮಗಳ ಕಾಯ್ದೆಯಾಯಿತು, ಅದರಡಿ ಕಂಪನಿಗಳು ಬಾಡಿಗೆದಾರರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ 'ಪಬ್ಸ್ ಕೋಡ್' ಎಂಬ ನಿಯಮಾವಳಿ 2016ರ ಜುಲೈ 21ರಂದು ಜಾರಿಗೆ ಬಂತು. ಸಮಿತಿಯ ಶಿಫಾರಸಿನಿಂದ ಕಾನೂನಿಗೆ 12 ವರ್ಷ.

ಈಗ ಕಂಪನಿ ಜೂಜಿನ ಯಂತ್ರವನ್ನು ಒತ್ತಾಯದಿಂದ ಇಡಿಸಬಹುದೇ?

ಪಬ್ಸ್ ಕೋಡ್ ವ್ಯಾಪ್ತಿಗೆ ಬರುವ ಕಂಪನಿ, ಜೂಜಿನ ಯಂತ್ರವನ್ನು ಕೊಳ್ಳಲೇಬೇಕು ಅಥವಾ ಬಾಡಿಗೆಗೆ ತರಿಸಲೇಬೇಕು ಎಂದು ಬಾಡಿಗೆದಾರನನ್ನು ಕಟ್ಟಿಹಾಕುವಂತಿಲ್ಲ. ನಿಷೇಧ ಇರುವುದು ಒತ್ತಾಯಕ್ಕೆ. ನೀವಾಗಿಯೇ ಲೆಕ್ಕ ಹಾಕಿ ಕಂಪನಿಯ ಪಟ್ಟಿಯವರನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಕಾಗದದಲ್ಲಿ ಆಯ್ಕೆ ಎಂದು ಬರೆದು, ಮಾತುಕತೆಯಲ್ಲಿ 'ಎಲ್ಲರೂ ಇದನ್ನೇ ತೆಗೆದುಕೊಳ್ಳುತ್ತಾರೆ' ಎಂದು ಮುಂದೆ ತಳ್ಳುವುದುಂಟು. ಆಗ ಎರಡೂ ಬಗೆಯ ಪ್ರಸ್ತಾಪವನ್ನು, ಯಂತ್ರದ ಟೈ ಇದ್ದರೆ ಬಾಡಿಗೆ ಎಷ್ಟು, ಇಲ್ಲದಿದ್ದರೆ ಎಷ್ಟು ಎಂದು ಬರೆದುಕೊಡಲು ಹೇಳಿ. ಬರೆದುಕೊಡಲು ಹಿಂದೇಟು ಹಾಕಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಕರಾರು 2016ಕ್ಕಿಂತ ಹಿಂದಿನದಾಗಿದ್ದರೆ ಹಳೆಯ ಕಲಮು ಇನ್ನೂ ಜೀವಂತವಾಗಿದೆಯೇ ಎಂಬುದನ್ನು ಪಬ್ ವ್ಯವಹಾರ ಬಲ್ಲ ವಕೀಲರಿಗೆ ತೋರಿಸಿಯೇ ನಿರ್ಧರಿಸಬೇಕು. ನವೀಕರಣದ ಹೊತ್ತಿಗೆ ಹಳೆಯ ಒಕ್ಕಣೆಯನ್ನೇ ಎತ್ತಿಹಾಕಿದ್ದಾರೆಯೇ ಎಂದು ಸಾಲು ಸಾಲಾಗಿ ಓದಿ.

ಈ ಕೋಡ್ ಯಾರಿಗೆ ಅನ್ವಯಿಸುತ್ತದೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ಟೈ ಪಬ್ ಇರುವ ಕಂಪನಿಗಳಿಗೆ. ಅಡ್ಮಿರಲ್ ಟ್ಯಾವರ್ನ್ಸ್, ಗ್ರೀನ್ ಕಿಂಗ್, ಮಾರ್ಸ್ಟನ್ಸ್, ಪಂಚ್, ಹೈನೆಕೆನ್‌ಗೆ ಸೇರಿದ ಸ್ಟಾರ್ ಪಬ್ಸ್, ಸ್ಟೋನ್‌ಗೇಟ್ ಇವು ಆ ಸಾಲಿನವು. ಚಿಕ್ಕ ಊರಿನ ಬಿಯರ್ ತಯಾರಕನ ಬಳಿ 60 ಪಬ್ ಇದ್ದು ಅದರಲ್ಲೊಂದನ್ನು ನೀವು ಹಿಡಿದಿದ್ದರೆ ಈ ಕೋಡ್ ನಿಮಗಿಲ್ಲ. ಉದ್ಯಮದವರೇ ಮಾಡಿಕೊಂಡ ಸ್ವಯಂಪ್ರೇರಿತ ನಿಯಮಾವಳಿಯನ್ನು ನೆಚ್ಚಬೇಕು. ಹೀಗಾಗಿ ಮೊದಲು ಕೇಳಬೇಕಾದದ್ದು 'ನಿಮ್ಮದು ಕೋಡ್‌ನ ಕಂಪನಿಯೋ ಅಲ್ಲವೋ' ಎಂಬುದನ್ನು.

ಕೋಡ್‌ಗೆ ಆಧಾರವಾಗಿ ಕಾಯ್ದೆಯಲ್ಲಿ ಎರಡು ತತ್ವಗಳಿವೆ. ಬಾಡಿಗೆದಾರನೊಂದಿಗೆ ನ್ಯಾಯವಾಗಿ, ಕಾನೂನುಬದ್ಧವಾಗಿ ನಡೆದುಕೊಳ್ಳಬೇಕು. ಟೈ ಇರುವ ಬಾಡಿಗೆದಾರ ಟೈ ಇಲ್ಲದಿದ್ದಾಗ ಇರಬಹುದಾಗಿದ್ದ ಸ್ಥಿತಿಗಿಂತ ಕೆಟ್ಟ ಸ್ಥಿತಿಯಲ್ಲಿ ಇರಬಾರದು. ಎರಡನೆಯದು ಓದಲು ಸರಳ, ರುಜುವಾತು ಮಾಡಲು ಬಲು ಕಷ್ಟ.

ಬಿಯರ್ ಕೊಳವೆಗೆ ಹಾಕುವ ಮೀಟರ್ ಏನು ಮಾಡುತ್ತದೆ? ಅದನ್ನು ಬೇಡ ಎನ್ನಬಹುದೇ?

ನೆಲಮಾಳಿಗೆಯ ಪೀಪಾಯಿಯಿಂದ ನಲ್ಲಿಗೆ ಹೋಗುವ ಪ್ರತಿ ಕೊಳವೆಯಲ್ಲೂ ಎಷ್ಟು ದ್ರವ ಹರಿಯಿತು ಎಂದು ಇದು ಎಣಿಸಿ ಕಂಪನಿಗೆ ಕಳಿಸುತ್ತದೆ. ನೀವು ಕಂಪನಿಯಿಂದ ಕೊಂಡದ್ದಕ್ಕಿಂತ ಹೆಚ್ಚು ಹರಿದಿದ್ದರೆ, ಹೊರಗಿನಿಂದ ಕದ್ದು ತರಿಸಿದ್ದೀರಿ ಎಂಬ ಅನುಮಾನ. ಸ್ಟಾಕ್ಟನ್-ಆನ್-ಟೀಸ್‌ನ ಬ್ರೂಲೈನ್ಸ್ ಎಂಬ ಕಂಪನಿ ಇಂಥ ವ್ಯವಸ್ಥೆಗೆ ಹೆಸರಾಯಿತು. ಮುಂದೆ ಅದು ವಯಾನೆಟ್ ಎಂದು ಹೆಸರು ಬದಲಿಸಿಕೊಂಡಿತು. ಮೀಟರ್ ಇಡಲು ಅವಕಾಶ ಕೊಡಬೇಕು ಎಂಬ ಕಲಮು ಟೈ ಕರಾರುಗಳಲ್ಲಿ ಸಾಮಾನ್ಯ. ಸಹಿ ಹಾಕಿದ ಮೇಲೆ ಕಿತ್ತೆಸೆದರೆ ಕರಾರು ಮುರಿದವರು ನೀವಾಗುತ್ತೀರಿ.

ಜಗಳ ಇರುವುದು ಎಣಿಕೆಯ ನಿಖರತೆಯ ಬಗ್ಗೆ. ಪಬ್‌ನ ಕೊಳವೆಯಲ್ಲಿ ಬಿಯರ್ ಮಾತ್ರ ಹರಿಯುವುದಿಲ್ಲ. ವಾರಕ್ಕೊಮ್ಮೆ ಕೊಳವೆ ತೊಳೆಯಬೇಕು, ಅದಕ್ಕೆ ರಾಸಾಯನಿಕ, ಆಮೇಲೆ ನೀರು. ಪೀಪಾಯಿ ಬದಲಿಸಿದಾಗ ನೊರೆಯೇ ಬರುತ್ತದೆ, ತಂಪು ತಪ್ಪಿದರೆ ಇನ್ನೂ ಹೆಚ್ಚು. ಮೀಟರ್ ನೀರನ್ನೂ ಬಿಯರನ್ನೂ ಬೇರ್ಪಡಿಸುತ್ತದೆ ಎಂದು ಮಾರುವವರು ಹೇಳುತ್ತಾರೆ; ತಪ್ಪಾಗಿ ಎಣಿಸಿತು ಎಂದು ಬಾಡಿಗೆದಾರರು ದೂರುತ್ತಾರೆ. ಪ್ರಮಾಣವನ್ನು ಯೋಚಿಸಿ: 11 ಗ್ಯಾಲನ್ನಿನ ಒಂದು ಕೆಗ್, ಅಂದರೆ ಪೀಪಾಯಿ, 88 ಪಿಂಟ್. ಹತ್ತು ನಲ್ಲಿಗಳ ಪಬ್‌ನಲ್ಲಿ ಒಂದೊಂದರಲ್ಲೂ ದಿನಕ್ಕೆ ಒಂದು ಪಿಂಟ್ ಹೆಚ್ಚು ಎಣಿಸಿದರೂ ಒಂಬತ್ತು ದಿನಕ್ಕೆ ಒಂದು ಕೆಗ್ ಕದ್ದ ಆರೋಪ ತಲೆಗೆ ಬರುತ್ತದೆ. ಆ ಆರೋಪದ ಬೆನ್ನಿಗೆ ದಂಡ, ದಂಡದ ಬೆನ್ನಿಗೆ ಪಬ್ ಬಿಡಿಸುವ ಬೆದರಿಕೆ.

ಕೋಡ್ ಇಲ್ಲಿ ನಿಮ್ಮ ಪರ. ಮೀಟರಿನ ಅಂಕಿಯೊಂದನ್ನೇ ಹಿಡಿದು, ಬೇರೆ ಪೂರಕ ಸಾಕ್ಷ್ಯವಿಲ್ಲದೆ ಕ್ರಮ ಕೈಗೊಳ್ಳುವಂತಿಲ್ಲ. ಅದಕ್ಕಾಗಿ ನೀವು ಮಾಡಬೇಕಾದದ್ದು ಬೇಸರದ ಕೆಲಸ: ಕೊಳವೆ ತೊಳೆದ ದಿನ, ಹೊತ್ತು, ಚೆಲ್ಲಿದ ಪ್ರಮಾಣ, ಕೆಟ್ಟು ವಾಪಸು ಹೋದ ಪೀಪಾಯಿ, ನೆಲಮಾಳಿಗೆಯ ಉಷ್ಣಾಂಶ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು. ಕಂಪನಿಯ ಬಳಿ ಯಂತ್ರದ ದಾಖಲೆ ಇದೆ, ನಿಮ್ಮ ಬಳಿ ನೆನಪು ಮಾತ್ರ ಇದ್ದರೆ ಯಾರ ಮಾತು ನಡೆಯುತ್ತದೆ?

ಬಿಯರ್ ನಲ್ಲಿ, ಕೂಲರ್ ಎಲ್ಲ ಉಚಿತವಾಗಿ ಬರುತ್ತವೆಯಂತೆ. ಅದರಲ್ಲೇನು ಅನ್ಯಾಯ?

ಉಚಿತ ಎಂಬ ಮಾತನ್ನು ನಂಬಬೇಡಿ. ಕೂಲರ್, ತಂಪು ಕೊಳವೆಗಳ ಕಟ್ಟು, ನಲ್ಲಿ ಇವನ್ನು ಬಿಯರ್ ತಯಾರಕರೇ ಅಳವಡಿಸಿ ನಿರ್ವಹಿಸುವುದು ಬ್ರಿಟನ್‌ನ ರೂಢಿ. ಆ ಖರ್ಚು ಬಿಯರಿನ ಸಗಟು ದರದೊಳಗೇ ಕೂತಿರುತ್ತದೆ. ನಮ್ಮಲ್ಲಿ ತಂಪು ಪಾನೀಯದ ಕಂಪನಿ ಕಿರಾಣಿ ಅಂಗಡಿಗೆ ಫ್ರಿಜ್ ಕೊಟ್ಟು, ಅದರೊಳಗೆ ಬೇರೆಯವರ ಬಾಟಲಿ ಇಡಬೇಡ ಎನ್ನುವುದಿಲ್ಲವೇ, ಹೆಚ್ಚು ಕಡಿಮೆ ಹಾಗೆಯೇ. ಇದರಲ್ಲಿ ತೊಂದರೆ ಕಾಣುವುದು ಹೊರಬರುವಾಗ. ಟೈ ಬಿಟ್ಟು ಬೇರೆ ಬಿಯರ್ ತರಿಸಲು ಹೊರಟರೆ ಹಳೆಯ ಉಪಕರಣ ಯಾರದು, ತೆಗೆಯುವ ಖರ್ಚು ಯಾರದು, ಹೊಸದು ಬರುವ ತನಕ ಪಬ್ ಮುಚ್ಚಬೇಕೇ ಎಂಬ ಪ್ರಶ್ನೆಗಳು ಏಳುತ್ತವೆ. ನೆಲಮಾಳಿಗೆಯನ್ನು ತಂಪಾಗಿಡುವ ವ್ಯವಸ್ಥೆಯಂತೂ ಬೇರೆಯೇ ಕಥೆ: ಪೂರ್ತಿ ರಿಪೇರಿಯ ಹೊಣೆ ಬಾಡಿಗೆದಾರನದು ಎಂಬ ಲೀಸ್ ಆದರೆ ಅದು ಕೆಟ್ಟಾಗ ಹಣ ಸುರಿಯಬೇಕಾದವರು ನೀವು.

ಒಳಗಿರುವ ಮೇಜು, ಕುರ್ಚಿ, ಅಡುಗೆ ಸಾಮಾನು?

ಪಬ್ ಹಿಡಿಯುವಾಗ ಇವನ್ನು ಮೌಲ್ಯಮಾಪನ ಮಾಡಿಸಿ ಕೊಳ್ಳುವುದು ಪದ್ಧತಿ. ಬಿಡುವಾಗ ಮತ್ತೆ ಮೌಲ್ಯ ಕಟ್ಟುತ್ತಾರೆ. ಒಳಬರುವಾಗಿನ ಮೌಲ್ಯಕ್ಕೂ ಹೊರಹೋಗುವಾಗಿನ ಮೌಲ್ಯಕ್ಕೂ ಇರುವ ಅಂತರದಲ್ಲಿ ಎಷ್ಟೋ ಜನರ ಉಳಿತಾಯ ಕರಗಿದೆ. ಕಂಪನಿ ಸೂಚಿಸಿದ ಮೌಲ್ಯಮಾಪಕನಿಗೆ ಬಿಡದೆ ನಿಮ್ಮವನನ್ನೇ ಕರೆದುಕೊಂಡು ಹೋಗಿ, ಪ್ರತಿ ವಸ್ತುವಿನ ಪಟ್ಟಿಯನ್ನು ಫೋಟೋ ಸಹಿತ ಇಟ್ಟುಕೊಳ್ಳಿ. ಪೂಲ್ ಮೇಜು, ಸಂಗೀತದ ಯಂತ್ರಗಳು ಜೂಜಿನ ಯಂತ್ರಗಳಲ್ಲ; ಮೇಲೆ ಹೇಳಿದ ನಿಷೇಧವನ್ನು ಅವಕ್ಕೂ ಎಳೆಯಲಾಗದು.

ಅನ್ಯಾಯದ ಕರಾರಿನ ವಿರುದ್ಧ ಸಾಮಾನ್ಯ ಕಾನೂನು ಇಲ್ಲವೇ?

ಗ್ರಾಹಕರಿಗೆ ಇದೆ, ನಿಮಗೆ ಇಲ್ಲ. ಬ್ರಿಟನ್‌ನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ವ್ಯಾಪಾರಿಯನ್ನು ಗ್ರಾಹಕನೆಂದು ಪರಿಗಣಿಸುವುದಿಲ್ಲ. 1977ರ ಅನ್ಯಾಯದ ಷರತ್ತುಗಳ ಕಾಯ್ದೆಯ ಮುಖ್ಯ ಕಲಮುಗಳು ಜಮೀನು, ಕಟ್ಟಡದ ಹಕ್ಕನ್ನು ಹುಟ್ಟಿಸುವ ಕರಾರುಗಳಿಗೆ ತಟ್ಟುವುದಿಲ್ಲ. ಪಬ್ ನಡೆಸುವವನು ಲೆಕ್ಕ ಬಲ್ಲ ವ್ಯಾಪಾರಿ, ತಿಳಿದೇ ಸಹಿ ಹಾಕಿದ್ದಾನೆ ಎಂಬುದು ಕಾನೂನಿನ ನಂಬಿಕೆ. ಆ ಪಬ್‌ನ ಮೇಲಂತಸ್ತಿನಲ್ಲೇ ಹೆಂಡತಿ ಮಕ್ಕಳೊಂದಿಗೆ ವಾಸಿಸುವ, ಕರಾರು ಮುರಿದರೆ ಕೆಲಸದೊಂದಿಗೆ ಮನೆಯನ್ನೂ ಕಳೆದುಕೊಳ್ಳುವ ಮನುಷ್ಯನ ಸ್ಥಿತಿ ಆ ನಂಬಿಕೆಯೊಳಗೆ ಹಿಡಿಸುವುದಿಲ್ಲ.

ಸ್ಪರ್ಧಾ ಕಾನೂನು? ಬಿಯರಿಗೂ ಜೂಜಿನ ಯಂತ್ರಕ್ಕೂ ಏನು ಸಂಬಂಧ ಎಂದು ಕೋರ್ಟಿನಲ್ಲಿ ಕೇಳಬಾರದೇ?

ಕೇಳಬಹುದಾದ ಪ್ರಶ್ನೆಯೇ. ಕರಾರಿನ ವಿಷಯಕ್ಕೆ ಸಂಬಂಧವಿಲ್ಲದ ಹೆಚ್ಚುವರಿ ಹೊರೆಯನ್ನು ಒಪ್ಪಿಕೊಳ್ಳಬೇಕೆಂಬ ಷರತ್ತನ್ನು 1998ರ ಸ್ಪರ್ಧಾ ಕಾಯ್ದೆ ಆಕ್ಷೇಪಾರ್ಹ ಒಪ್ಪಂದಗಳ ಉದಾಹರಣೆಯಾಗಿಯೇ ಕೊಡುತ್ತದೆ. ಆದರೆ ಒಂದು ಒಪ್ಪಂದ ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಪೆಟ್ಟು ಕೊಟ್ಟಿತು ಎಂದು ತೋರಿಸಬೇಕು. ಅಲ್ಲದೆ ಮಾರುಕಟ್ಟೆಯಲ್ಲಿ ಶೇ. 30ಕ್ಕಿಂತ ಕಡಿಮೆ ಪಾಲಿರುವವರ ಒಪ್ಪಂದಗಳಿಗೆ ಒಟ್ಟಾರೆ ವಿನಾಯಿತಿ ಇದೆ. ಐದು ವರ್ಷ ಮೀರಿದ ಕಡ್ಡಾಯ ಖರೀದಿಗೆ ಆ ವಿನಾಯಿತಿ ಸಾಮಾನ್ಯವಾಗಿ ಸಿಗದು. ಆದರೆ ಕಟ್ಟಡ ಮಾರುವವನದೇ ಆಗಿದ್ದರೆ ಸಿಗುತ್ತದೆ. ಪಬ್‌ನಲ್ಲಿ ಕಟ್ಟಡ ಅವನದೇ.

ಬರ್ನಾರ್ಡ್ ಕ್ರೆಹಾನ್ ಎಂಬ ಬಾಡಿಗೆದಾರನ ಪ್ರಕರಣ ಇಲ್ಲಿ ನೆನೆಯತಕ್ಕದ್ದು. 1991ರಲ್ಲಿ ಸ್ಟೇನ್ಸ್ ಎಂಬಲ್ಲಿ ಎರಡು ಪಬ್ ಹಿಡಿದ. ಬಿಯರನ್ನು ಕರೇಜ್ ಕಂಪನಿಯಿಂದಲೇ ಕೊಳ್ಳಬೇಕಿತ್ತು. ವ್ಯಾಪಾರ ಮುಳುಗಿತು. ಬಾಕಿ ಉಳಿದ 15,266 ಪೌಂಡಿಗಾಗಿ ಕರೇಜ್ ದಾವೆ ಹೂಡಿದಾಗ, ಟೈಯೇ ಕಾನೂನುಬಾಹಿರ, ನನಗೇ ಪರಿಹಾರ ಕೊಡಿ ಎಂದು ತಿರುಗಿ ನಿಂತ. ಕಾನೂನುಬಾಹಿರ ಒಪ್ಪಂದಕ್ಕೆ ಸಹಿ ಹಾಕಿದವನೇ ಪರಿಹಾರ ಕೇಳುವಂತಿಲ್ಲ ಎಂಬುದು ಇಂಗ್ಲಿಷ್ ಕೋರ್ಟುಗಳ ಹಳೆಯ ನಿಲುವು. 2001ರಲ್ಲಿ ಐರೋಪ್ಯ ನ್ಯಾಯಾಲಯ ಆ ನಿಲುವನ್ನು ತಳ್ಳಿಹಾಕಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ 131,336 ಪೌಂಡ್ ಪರಿಹಾರ ಕೊಡಿಸಿತು. 2006ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ರದ್ದು ಮಾಡಿತು. ಯುರೋಪಿನಾದ್ಯಂತ ಸ್ಪರ್ಧಾ ಕಾನೂನಿನ ಪರಿಹಾರ ದಾವೆಗಳಿಗೆ ಅಡಿಪಾಯ ಹಾಕಿದ ಮನುಷ್ಯನಿಗೆ ಒಂದು ಪೌಂಡೂ ದಕ್ಕಲಿಲ್ಲ. ಯಾರಾದರೂ ನಿಮಗೆ ಸ್ಪರ್ಧಾ ಕಾನೂನಿನ ದಾರಿ ತೋರಿಸಿದರೆ ಮೊದಲು ಖರ್ಚಿನ ಅಂದಾಜು ಕೇಳಿ.

ಸುಂಕ ಮತ್ತು ಹೊಣೆ ಯಾರದು?

ನಿಮ್ಮದು. 2013ರ ಫೆಬ್ರವರಿ 1ರಿಂದ ಯಂತ್ರ ಜೂಜಿನ ಸುಂಕ ಜಾರಿಯಲ್ಲಿದೆ. ಟೈ ಪಬ್‌ನಲ್ಲಿ ನೋಂದಣಿ ಮಾಡಿಸಿ ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಬೇಕಾದವನು ಬಾಡಿಗೆದಾರ. ಯಂತ್ರದ ಗಳಿಕೆಗೆ ವ್ಯಾಟ್ ಇಲ್ಲ, ಯಂತ್ರದ ಬಾಡಿಗೆಗೆ ಇದೆ. ಹಾಗಾಗಿ ಬಾಡಿಗೆಯ ಮೇಲೆ ಕೊಟ್ಟ ವ್ಯಾಟ್ ವಾಪಸು ಪಡೆಯುವುದಕ್ಕೆ ಮಿತಿಗಳಿವೆ. ಅದನ್ನು ಲೆಕ್ಕಿಗರಿಗೆ ಬಿಡಿ.

18 ತುಂಬದವರು ಈ ಯಂತ್ರ ಆಡದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸ. 2018ರಲ್ಲಿ ಗ್ಯಾಂಬ್ಲಿಂಗ್ ಆಯೋಗ ಪರೀಕ್ಷಿಸಿದಾಗ ಶೇ. 90ರ ಹತ್ತಿರದಷ್ಟು ಪಬ್‌ಗಳು ಇದರಲ್ಲಿ ನಪಾಸಾಗಿದ್ದವು. ಕಂಪನಿ ಗಳಿಕೆಯಲ್ಲಿ ಪಾಲುದಾರ, ಮಕ್ಕಳು ಸಿಕ್ಕಿಬಿದ್ದಾಗ ಪಾಲುದಾರನಲ್ಲ.

ದೂರು ಎಲ್ಲಿ ಕೊಡಬೇಕು? ಎಷ್ಟು ಖರ್ಚಾಗುತ್ತದೆ?

ಕೋಡ್ ಉಲ್ಲಂಘನೆಯಾಗಿದೆ ಎಂದು ಮೊದಲು ಕಂಪನಿಗೇ ಬರವಣಿಗೆಯಲ್ಲಿ ತಿಳಿಸಬೇಕು. 21 ದಿನ ಕಾಯಬೇಕು. ಬಗೆಹರಿಯದಿದ್ದರೆ ಪಬ್ಸ್ ಕೋಡ್ ತೀರ್ಪುಗಾರರ ಕಚೇರಿಗೆ ಪಂಚಾಯಿತಿಗಾಗಿ ಒಯ್ಯಬಹುದು. ಅದಕ್ಕೆ ನಾಲ್ಕು ತಿಂಗಳ ಗಡುವಿದೆ, ಮರೆತರೆ ಬಾಗಿಲು ಮುಚ್ಚಿತು. ಶುಲ್ಕ 200 ಪೌಂಡ್. ಸೋತರೂ ಎದುರಾಳಿಯ ಖರ್ಚೆಂದು ಬಾಡಿಗೆದಾರ ಕೊಡಬೇಕಾದದ್ದು ಸಾಮಾನ್ಯವಾಗಿ 2,000 ಪೌಂಡ್ ಮೀರದು, ಕಿರುಕುಳಕ್ಕೆಂದೇ ದೂರು ಕೊಟ್ಟಿರದಿದ್ದರೆ. ನಿಮ್ಮ ವಕೀಲರ ಶುಲ್ಕ ಬೇರೆ.

ಈ ಕಚೇರಿಗೆ ಹಲ್ಲಿಲ್ಲ ಎಂದು ಬಹುಕಾಲ ಗೊಣಗುತ್ತಿದ್ದರು. 2020ರ ಅಕ್ಟೋಬರ್‌ನಲ್ಲಿ ಅದು ಸ್ಟಾರ್ ಪಬ್ಸ್‌ಗೆ 20 ಲಕ್ಷ ಪೌಂಡ್ ದಂಡ ಹಾಕಿತು. ಕಾರಣ ಯಂತ್ರವಲ್ಲ: ಟೈನಿಂದ ಹೊರಬರಲು ಕೇಳಿದ ಬಾಡಿಗೆದಾರರ ಮೇಲೆ ಹೈನೆಕೆನ್ ಬ್ರ್ಯಾಂಡುಗಳನ್ನು ವಿಪರೀತ ಪ್ರಮಾಣದಲ್ಲಿ ಇಡುವ ಷರತ್ತು ಹೇರಿದ್ದು. ಬಾಗಿಲು ತೆರೆದಿದೆ ಎಂದು ತೋರಿಸಿ ಹೊಸ್ತಿಲಲ್ಲಿ ಅಡ್ಡ ನಿಲ್ಲುವ ಈ ಬಗೆ, ಯಂತ್ರದ ವಿಷಯದಲ್ಲೂ ನಿರೀಕ್ಷಿಸಬೇಕಾದದ್ದೇ.

ದೂರು ಕೊಟ್ಟರೆ ಕಂಪನಿ ಸೇಡು ತೀರಿಸಿಕೊಳ್ಳುವುದಿಲ್ಲವೇ?

ಹಕ್ಕು ಚಲಾಯಿಸಿದ್ದಕ್ಕಾಗಿ ಬಾಡಿಗೆದಾರನಿಗೆ ತೊಂದರೆ ಕೊಡುವಂತಿಲ್ಲ ಎಂದು ಕೋಡ್ ಹೇಳುತ್ತದೆ. ರಿಯಾಯಿತಿ ನಿಂತುಹೋಗುವುದು, ರಿಪೇರಿಯ ಕೋರಿಕೆ ಮೂಲೆಗೆ ಬೀಳುವುದು ಇಂಥವನ್ನು ಸೇಡು ಎಂದು ತೋರಿಸಲು ದಾಖಲೆ ಬೇಕು. ಕಂಪನಿಯ ಪ್ರತಿನಿಧಿ ಬಾಡಿಗೆ, ರಿಪೇರಿ ಮುಂತಾದವುಗಳ ಬಗ್ಗೆ ನಿಮ್ಮೊಂದಿಗೆ ಮಾತಾಡಿದರೆ ಅದರ ಟಿಪ್ಪಣಿಯನ್ನು 14 ದಿನದೊಳಗೆ ಕಳಿಸಬೇಕು. ಬಂದ ಟಿಪ್ಪಣಿಯಲ್ಲಿ ತಪ್ಪಿದ್ದರೆ ಕೂಡಲೇ ಉತ್ತರಿಸಿ.

ಟೈಯನ್ನೇ ಬಿಡಿಸಿಕೊಂಡರೆ?

ಬಾಡಿಗೆ ಪರಿಷ್ಕರಣೆ, ಕರಾರಿನ ನವೀಕರಣ, ಬಿಯರ್ ದರದಲ್ಲಿ ಗಣನೀಯ ಏರಿಕೆಯಂಥ ಸಂದರ್ಭಗಳಲ್ಲಿ 'ಬಾಡಿಗೆ ಮಾತ್ರ' ಎಂಬ ಆಯ್ಕೆ ಕೇಳುವ ಹಕ್ಕಿದೆ. ಸಂದರ್ಭ ಒದಗಿದ 21 ದಿನದೊಳಗೆ ನೋಟಿಸು ಕೊಡಬೇಕು. ಬಿಯರ್, ಯಂತ್ರ, ಸೇವೆ ಎಲ್ಲದರ ಟೈ ಹೋಗಿ ಮಾರುಕಟ್ಟೆ ದರದ ಬಾಡಿಗೆ ಬರುತ್ತದೆ. ಕಟ್ಟಡದ ವಿಮೆ ಮಾತ್ರ ಈ ಬಿಡುಗಡೆಯ ಹೊರಗೆ. ಬಾಡಿಗೆ ಗಣನೀಯವಾಗಿ ಏರುವುದರಿಂದ ಎಲ್ಲರಿಗೂ ಇದು ಲಾಭವಲ್ಲ. ಬಿಯರ್ ಹೆಚ್ಚು ಮಾರುವ ಪಬ್‌ಗೆ ಲಾಭ, ಊಟವೇ ಮುಖ್ಯವಾದ ಪಬ್‌ಗೆ ಅಷ್ಟಾಗಿ ಅಲ್ಲ.

ಸ್ಕಾಟ್ಲೆಂಡ್?

ಅಲ್ಲಿಗೆ ಪ್ರತ್ಯೇಕ ಕಾನೂನು, 2021ರ ಟೈ ಪಬ್ ಕಾಯ್ದೆ. 500ರ ಮಿತಿ ಅಲ್ಲಿಲ್ಲ.

ಕರ್ನಾಟಕದಲ್ಲೂ ಬಾರ್‌ನವರು ಒಬ್ಬರಿಂದಲೇ ಕೊಳ್ಳಬೇಕಲ್ಲ, ಇದೂ ಅದೇ ಅಲ್ಲವೇ?

ಅಲ್ಲ. ಇಲ್ಲಿ ಪರವಾನಗಿದಾರರು ಕೊಳ್ಳುವುದು 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದಿಂದ. ಅದು ಸರ್ಕಾರಿ ಸಗಟು ಏಕಸ್ವಾಮ್ಯ, ಎಲ್ಲ ಬಾರ್‌ಗಳಿಗೂ ಒಂದೇ ದರಪಟ್ಟಿ. ಬ್ರಿಟನ್‌ನಲ್ಲಿ ಎದುರು ಬದುರಿನ ಎರಡು ಪಬ್‌ಗಳು ಒಂದೇ ಬಿಯರಿಗೆ ಬೇರೆ ಬೇರೆ ದರ ಕೊಡುತ್ತವೆ, ಭೂಮಾಲೀಕ ಯಾರು ಎಂಬುದರ ಮೇಲೆ. ಜೂಜಿನ ಯಂತ್ರದ ಪ್ರಶ್ನೆಯಂತೂ ಇಲ್ಲಿ ಹುಟ್ಟುವುದೇ ಇಲ್ಲ.

ಜಗಳವೇ ಬೇಡ, ಯಂತ್ರವನ್ನು ತೆಗೆಸಿಬಿಟ್ಟರೆ ಆಗದೇ?

ಆಗುತ್ತದೆ, ಹಾಗೆ ಮಾಡಿದವರೂ ಇದ್ದಾರೆ. ಆ ಜಾಗದಲ್ಲಿ ಎರಡು ಮೇಜು ಹಾಕಿ ಊಟ ಬಡಿಸುತ್ತಾರೆ. ಆದರೆ ಕ್ರಮ ತಪ್ಪಬೇಡಿ. ಮೊದಲು ಲೀಸ್ ಓದಿ, ತೆಗೆಯಲು ಒಪ್ಪಿಗೆ ಬೇಕೆಂಬ ಕಲಮು ಇದೆಯೇ ನೋಡಿ. ಸರಬರಾಜುದಾರನೊಂದಿಗಿನ ಕರಾರು ಬೇರೆಯದೇ ಆಗಿರುತ್ತದೆ, ಅದರ ನೋಟಿಸು ಅವಧಿ ಎಷ್ಟೆಂದು ತಿಳಿದುಕೊಳ್ಳಿ. ಕೊನೆಯ ಸಲ ಹಣ ತೆಗೆಯುವಾಗ ಎದುರಿಗೇ ನಿಂತು ಎಣಿಸಿ, ಯಂತ್ರ ಮುದ್ರಿಸುವ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಸುಂಕದ ನೋಂದಣಿ ರದ್ದು ಮಾಡಿಸಿ. ಕೊನೆಯದಾಗಿ, ಇದನ್ನೇ ಹೆಚ್ಚಿನವರು ಮರೆಯುತ್ತಾರೆ, ಮುಂದಿನ ಬಾಡಿಗೆ ಪ್ರಸ್ತಾಪದಲ್ಲಿ ಇಲ್ಲದ ಯಂತ್ರದ ಗಳಿಕೆಯನ್ನು ಕಂಪನಿ ಇನ್ನೂ ಹಿಡಿದಿದೆಯೇ ಎಂದು ನೋಡಿ. ಹಿಡಿದಿದ್ದರೆ ಆ ಸಾಲಿಗೆ ಗೆರೆ ಎಳೆದು, ಯಂತ್ರ ಹೊರಹೋದ ದಿನದ ರಸೀದಿ ಲಗತ್ತಿಸಿ ವಾಪಸು ಕಳಿಸಿ.